ತಾಟಿನಲ್ಲಿ ಬಿಟ್ಟದ್ದು

ನಾನು ಎರಡು ಸಲ ನಿವೃತ್ತಳಾದವಳು. ಮೊದಲನೆಯದು ಸರಕಾರಿ ನಿವೃತ್ತಿ. ಆಳಂದ ತಾಲೂಕಿನ ಹಳ್ಳಿಗಳಲ್ಲಿ ಬಾಣಂತಿಯರ ಆರೈಕೆ, ಕೂಸುಗಳ ಲಸಿಕೆ ಅಂತ ತಿರುಗಿ ಚಪ್ಪಲಿ ಸವೆಸಿದ ನರ್ಸ್ ಕೆಲಸದಿಂದ. ಅವತ್ತು ಶಾಲು, ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಎರಡನೆಯ ನಿವೃತ್ತಿಗೆ ಹಾರವಿಲ್ಲ, ಗಡಿಯಾರವಿಲ್ಲ. ಕಿವಿಗೆ ಹಾಕಿಕೊಳ್ಳುತ್ತಿದ್ದ ಹೆಡ್‌ಫೋನ್ ವಾಪಸು ಇಸಕೊಂಡರು, ಅಷ್ಟೇ. ನಾನು ಬರೆಯಬೇಕೆಂದಿರುವುದು ಆ ಎರಡನೆಯ ಕೆಲಸದ ಬಗ್ಗೆ.

ಕೆಲಸ ಇಷ್ಟು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಕಡೆಯ ವಯಸ್ಸಾದವರಲ್ಲಿ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ರಕ್ತ ಪರೀಕ್ಷೆ ಹೇಳಿದವರನ್ನು ಒಂದು ಸಂಸ್ಥೆಯವರು ಗುರುತಿಸಿದ್ದರು. ಅಂಥವರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ಅವರು ಉಣ್ಣುವ ತಾಟಿನ ಫೋಟೋ ಅದರಲ್ಲಿ ಹಾಕಬೇಕು, ವಾರಕ್ಕೊಮ್ಮೆ ನಾನು ಫೋನ್ ಮಾಡಿ ಊಟ, ನಡಿಗೆ, ನಿದ್ದೆ ವಿಚಾರಿಸಬೇಕು. ನನ್ನ ಹುದ್ದೆಗೆ ಡಿಜಿಟಲ್ ಆರೋಗ್ಯ ಕೋಚ್ ಎಂದು ಹೆಸರಿಟ್ಟಿದ್ದರು. ಜನ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳದೆ, ನರ್ಸಮ್ಮನನ್ನು ಕರೆಯುವ ಹಾಗೆಯೇ ‘ಫೋನ್ ಬಾಯಾರು’ ಅಂದರು. ನನಗೂ ಅದೇ ಹಿತವೆನಿಸಿತು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಆಳಂದದ ನನ್ನ ಮನೆಗೆ ಬಂದು, “ಅಕ್ಕಾ, ಈ ಮುದುಕರ ಜೋಡಿ ಹೆಂಗ ಮಾತಾಡಬೇಕ್ರಿ?” ಅಂತ ಕೇಳುತ್ತಾರೆ. ತರಬೇತಿಯಲ್ಲಿ ಕಲಿಸಿದ್ದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಕಲಿಸದೇ ಬಿಟ್ಟದ್ದನ್ನು ಹೇಳುತ್ತೇನೆ. ಅದಕ್ಕೆ ಜೇವರ್ಗಿ ಕಡೆಯ ಯಡ್ರಾಮಿಯ ಒಂದು ಮನೆಯಿಂದಲೇ ಶುರು ಮಾಡಬೇಕು.

ಆ ಮನೆಯ ಯಜಮಾನರು ಶಿವಶರಣಪ್ಪನವರು. ತೊಗರಿಯ ಅಡತಿ ವ್ಯಾಪಾರ ಮಾಡಿ, ಅಂಗಡಿಯನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತವರು. ಒಳ್ಳೆ ಮೈಕಟ್ಟು, ಅದಕ್ಕೆ ತಕ್ಕ ದನಿ. ಫೋನಿನಲ್ಲಿ ಮಾತಾಡಿದರೆ ಕಟ್ಟೆಯ ಮೇಲೆ ನಿಂತು ಹರಾಜು ಕೂಗಿದಂತಿರುತ್ತಿತ್ತು. ರಕ್ತದಲ್ಲಿ ಸಕ್ಕರೆ ಗಡಿಯ ಮೇಲಿದೆ ಅಂದರೆ, “ಗಡಿ ಮ್ಯಾಲ ಅದ ಅಲ್ರಿ, ದಾಟಿಲ್ಲಲಾ?” ಅಂತ ನನ್ನನ್ನೇ ಚೌಕಾಸಿ ಮಾಡಿದರು.

ಮೊದಲ ಸಲ ಮಾತು ಮುಗಿಯುವಾಗ ಫೋನ್ ಕೈ ಬದಲಾಯಿತು. ಒಂದು ಹೆಣ್ಣು ದನಿ, ಮೆಲ್ಲಗೆ. ಅವರ ಹೆಂಡತಿ ಮಹಾನಂದಾ.

“ಬಾಯಾರ, ಒಂದು ಮಾತ ಹೇಳ್ತೇನ್ರಿ. ನಮ್ಮವ್ವಗ ಶುಗರ್ ಇತ್ತು. ಮೊದಲ ಬೆರಳ ಕಪ್ಪಾತು, ಆಮ್ಯಾಲ ಪಾದ ತಗದ್ರು, ಆಮ್ಯಾಲ ಮೊಣಕಾಲ ತನಕ. ಆಕೀದೆಲ್ಲಾ ನಾನೇ ಮಾಡೇನಿ. ಆ ಬ್ಯಾನಿ ಈ ಮನಿ ಒಳಗ ಬರಬಾರದ್ರಿ. ಯಜಮಾನ್ರನ್ನ ನಿಮ್ಮ ಉಡ್ಯಾಗ ಹಾಕೇನಿ.”

“ನಿಮ್ಮ ರಕ್ತ ಒಮ್ಮೆಯಾದ್ರೂ ತೋರಸೀರೇನ್ರಿ?” ಅಂತ ಕೇಳಿದೆ. ತಾಯಿಗೆ ಇದ್ದರೆ ಮಗಳಿಗೆ ಬರುವ ಸಂಭವ ಹೆಚ್ಚು, ಇದು ನರ್ಸ್ ಕೆಲಸದ ಮೊದಲ ಪಾಠ.

“ನನಗೇನಾಗ್ಯದ್ರಿ? ಕಲ್ಲ ಇದ್ದಂಗ ಅದೇನಿ. ಅವರದು ನೋಡ್ರಿ ನೀವು.”

ಆಫೀಸಿಗೆ ಹೇಳಿ ಆಕೆಯ ಹೆಸರನ್ನೂ ಸೇರಿಸಿ ಅಂದೆ. ಆಗುವುದಿಲ್ಲ ಅಂದರು. ಒಂದು ಫೋನ್ ನಂಬರಿಗೆ ಒಬ್ಬರೇ ಮನುಷ್ಯರು, ಅದು ಆ್ಯಪಿನ ಕಾನೂನು. ಮಹಾನಂದಾಗೆ ಸ್ವಂತ ಫೋನಿರಲಿಲ್ಲ. ಆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ಇರುತ್ತದೆ? ಹಾಗಾಗಿ ನನ್ನ ಕೈಗೆ ಬಂದವರಲ್ಲಿ ಹೆಚ್ಚಿನವರು ಗಂಡಸರು. ನಾವು ಶಿವಶರಣಪ್ಪನವರನ್ನು ಕಾಯತೊಡಗಿದೆವು.

ಮೊದಮೊದಲು ವಿಧಾನವೇ ವಿಚಿತ್ರವಾಗಿತ್ತು. ಎಲ್ಲಿಯದೋ ಸ್ಟುಡಿಯೋದಲ್ಲಿ ಹೇಳಿಸಿದ ಸಂದೇಶ ಮುಂಜಾನೆ ಮುಂಜಾನೆ ಎಲ್ಲರ ಫೋನಿಗೂ ಹೋಗುತ್ತಿತ್ತು. “ಆತ್ಮೀಯರೇ, ಉಪಾಹಾರಕ್ಕೆ ಓಟ್ಸ್ ಸೇವಿಸಿ.” ಕಿಣ್ಣಿ ಸುಲ್ತಾನದ ಅಂಬಾರಾಯ ಅನ್ನುವ ರೈತರು ಅದನ್ನು ಕೇಳಿ ನನಗೆ ಫೋನ್ ಮಾಡಿದರು.

“ಬಾಯಾರ, ಓಟ್ಸ್ ಅಂದ್ರ ಏನ್ರಿ?”

“ಅದೊಂದು ಕಾಳ್ರಿ. ಆ ಕಡಿ ದೇಶದಾಗ ಕುದುರಿಗೂ ಹಾಕ್ತಾರ, ಮಂದೀನೂ ಉಣ್ತಾರ.”

“ಹಂಗಾರ ನಮ್ಮ ಜ್ವಾಳಕ್ಕ ಏನ್ ಬ್ಯಾನಿ ಬಂದದ್ರಿ?”

ಮಾತು ನನಗೆ ಸರಿಯೆನಿಸಿ, ಜೋಳದ ರೊಟ್ಟಿ ಒಳ್ಳೆಯದು, ಅದನ್ನೇ ಉಣ್ಣಿ ಅಂತ ನನ್ನದೇ ದನಿಯಲ್ಲಿ ಸಂದೇಶ ಕಳಿಸಿದೆ. ಜನ ಬಹಳ ಖುಷಿಪಟ್ಟರು. ಮುಂದಿನ ಪರೀಕ್ಷೆಯಲ್ಲಿ ಅಂಬಾರಾಯರ ಸಕ್ಕರೆ ಏರಿ ಕೂತಿತ್ತು. “ಎಷ್ಟು ರೊಟ್ಟಿ ಉಂಡ್ರಿ?” ಅಂದರೆ, “ಬಾಯಾರು ಛಲೋ ಅಂದ ಮ್ಯಾಲ ಎಣಸೂದು ಯಾಕ್ರಿ?” ಅಂದರು. ಅಲ್ಲಿಗೆ ನನ್ನ ಸಂದೇಶವೂ ಓಟ್ಸಿನ ಗತಿಯನ್ನೇ ಕಂಡಿತು.

ನಡಿಗೆಯದು ಇನ್ನೊಂದು ಕಥೆ. ನಿಂಬರ್ಗಾದ ಭಾಗಮ್ಮನಿಗೆ ಮಗ ಫೋನ್ ಕೊಡಿಸಿದ್ದ, ಹಾಗಾಗಿ ನಮ್ಮ ಕೆಲವೇ ಹೆಣ್ಣುಮಕ್ಕಳಲ್ಲಿ ಆಕೆ ಒಬ್ಬಳು. ಸಂಜೆ ನಡೆದಾಡಬೇಕು ಅಂತ ಹೇಳಿದ್ದೆ. ಭಾಗಮ್ಮ ಒಂದು ದಿನವೂ ತಪ್ಪಿಸಲಿಲ್ಲ. ನಡಿಗೆ ಲೆಕ್ಕ ಹಾಕುವ ಆ್ಯಪು ಆಕೆಗೆ ದಿನಾ ಚಪ್ಪಾಳೆ ತಟ್ಟುತ್ತಿತ್ತು. ಆದರೆ ಸಕ್ಕರೆ ಇಳಿಯಲೊಲ್ಲದು. ಕೊನೆಗೆ ನಿಂಬರ್ಗಾಕ್ಕೆ ಹೋಗಿ ಆಕೆಯ ಜೊತೆಗೇ ಸಂಜೆ ಹೊರಟೆ. ಮೊದಲ ತಿರುವಿನಲ್ಲೇ ಗೊತ್ತಾಯಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಗಳು ಸುಮ್ಮನೆ ಓಣಿಯಲ್ಲಿ ತಿರುಗುವ ಪದ್ಧತಿಯೇ ಇಲ್ಲ. ಎಲ್ಲಿಗೆ ಹೊರಟೆ ಅಂತ ಕೇಳಿದರೆ ಒಂದು ಮನೆಯ ಹೆಸರು ಹೇಳಲೇಬೇಕು. ಹೆಸರು ಹೇಳಿದ ಮೇಲೆ ಆ ಮನೆಗೆ ಹೋಗಲೇಬೇಕು. ಹೋದ ಮೇಲೆ ಚಹಾ ಬೇಡ ಅಂದರೆ ಮುಗಿಯಿತು, ನಾಲ್ಕು ದಿನ ಮಾತಿಲ್ಲ.

“ಎಷ್ಟು ಮನಿ ಆಗ್ತಾವ ದಿನಾ?” ಅಂದೆ.

“ಅದು ಹೆಂಗ ಹೇಳ್ಲಿ ಬಾಯಾರ? ಒಬ್ಬಾಕಿ ಮನಿಗಿ ಹೋಗಿ ಮತ್ತೊಬ್ಬಾಕಿ ಮನಿ ಬಿಟ್ರ ಸಿಟ್ಟ ಮಾಡ್ತಾರ. ನೀವೇ ಅಂದಿದ್ರಿ ದೂರ ದೂರ ಹೋಗು ಅಂತ.”

ನಮ್ಮ ಕಡೆಯ ಚಹಾ ಅಂದರೆ ಸಕ್ಕರೆ ಪಾಕಕ್ಕೆ ಹಾಲಿನ ಬಣ್ಣ ಕೊಟ್ಟಂತಿರುತ್ತದೆ. ಮನೆಗಳ ಬದಲು ಹನುಮಂತ ದೇವರ ಗುಡಿ ಸುತ್ತು ಹಾಕು ಅಂದೆ. ಅಲ್ಲಿ ಪೂಜಾರಿ ಆಕೆಯ ಭಕ್ತಿಗೆ ಮೆಚ್ಚಿ ದಿನಾ ಅಂಗೈ ತುಂಬ ಕಲ್ಲುಸಕ್ಕರೆ ಕೊಡತೊಡಗಿದ! ನಾನು ಹಣೆ ಬಡಿದುಕೊಂಡೆ. ಕೊನೆಗೆ ಮಗನ ಹೊಲಕ್ಕೆ ಬುತ್ತಿ ಒಯ್ಯುವ ಕೆಲಸವನ್ನು ಸೊಸೆಯಿಂದ ಭಾಗಮ್ಮನಿಗೆ ವರ್ಗ ಮಾಡಿಸಿದೆ. ಬುತ್ತಿ ಗಂಟು ಕೈಯಲ್ಲಿದ್ದರೆ ಯಾರೂ ತಡೆದು ಚಹಾ ಕುಡಿಸುವುದಿಲ್ಲ. ಆಮೇಲೆ ಸಕ್ಕರೆ ಇಳಿಯಿತು.

ಇಂಥವೆಲ್ಲ ಆಗುತ್ತಿರುವಾಗಲೇ ನಮಗೆ ಹೊಸ ಮೇಲಧಿಕಾರಿ ಬಂದರು. ವಿನಾಯಕ ಅಂತ, ಮೈಸೂರು ಕಡೆಯವರು, ವಯಸ್ಸಿನಲ್ಲಿ ನನ್ನ ಮಗನಷ್ಟು. ಚುರುಕು, ಮರ್ಯಾದಸ್ಥರು. ಆದರೆ ಕಂಪ್ಯೂಟರಿನ ಪರದೆಯಲ್ಲಿ ಗೆರೆ ಕೆಳಗಿಳಿದರೆ ಊರಲ್ಲೂ ಎಲ್ಲ ಸರಿಯಾಯಿತು ಎಂದು ನಂಬುವವರು. ಅವರು ಬಂದವರೇ ಒಂದು ಪ್ರಶ್ನೆ ಕೇಳಿದರು. “ಮೇಡಂ, ಜನಕ್ಕೆ ಕಡಿಮೆ ಊಟ ಮಾಡಿ ಅಂತ ಇಷ್ಟು ಹೇಳ್ತಿದ್ದೀವಿ, ಯಾಕೆ ಕಡಿಮೆ ಆಗ್ತಿಲ್ಲ?”

“ನಮ್ಮ ಕಡೆ ಯಾರೂ ತಾವೇ ಹಾಕಿಕೊಂಡು ಉಣ್ಣುವುದಿಲ್ಲ ಸರ್. ನೀಡುವವರ ಕೈಯಲ್ಲಿರುತ್ತದೆ. ಸಾಕು ಅಂದ ಮೇಲೂ ಇನ್ನೊಂದು ನೀಡಿದರೇ ಅದು ನೀಡಿದಂತೆ,” ಅಂದೆ.

ಅವರು ವಿಚಾರ ಮಾಡಿ ಹೊಸ ವಿಧಾನ ತಂದರು. ಎಷ್ಟಾದರೂ ನೀಡಲಿ, ಜಗಳ ಬೇಡ. ರೊಟ್ಟಿ, ಅನ್ನ, ಸಿಹಿ ಅರ್ಧ ಉಂಡು ಅರ್ಧ ಬಿಟ್ಟು ಏಳಿ. ಉಣ್ಣುವ ಮೊದಲು ಒಂದು ಫೋಟೋ, ಎದ್ದ ಮೇಲೆ ಒಂದು ಫೋಟೋ. ಸುಳ್ಳು ಹೇಳಲು ಬರುವುದಿಲ್ಲ. ನನಗೂ ಅದು ಚಲೋ ಉಪಾಯ ಅನಿಸಿತು, ಯಾಕೆಂದರೆ ನೀಡುವವರ ಮನಸ್ಸೂ ನೋಯುವುದಿಲ್ಲ.

ಸುಳ್ಳು ಹೇಳುವವರು ಅಲ್ಲೂ ಹೇಳಿದರು ಅನ್ನಿ. ಅಫಜಲಪುರದ ಒಬ್ಬ ನಿವೃತ್ತ ಮಾಸ್ತರು ವಾರಗಟ್ಟಲೆ ಒಂದೇ ಅರ್ಧ ತಾಟಿನ ಫೋಟೋ ಕಳಿಸಿದರು. ಮೂಲೆಯಲ್ಲಿ ಕೂತ ಬೆಕ್ಕು ಪ್ರತಿದಿನವೂ ಒಂದೇ ಕಡೆ ಕತ್ತು ತಿರುವಿರುವುದನ್ನು ನೋಡಿ ನಾನು ಹಿಡಿದೆ. ಮಾಸ್ತರು ಒಂದಿಷ್ಟೂ ನಾಚಲಿಲ್ಲ. “ಭಾಳ ಬೆರಿಕಿ ಅದೀರಿ ಬಾಯಾರ. ಇನ್ನ ಮ್ಯಾಲ ಬೆಕ್ಕ ಓಡಿಸಿ ಫೋಟೋ ತಗೀತೇನಿ,” ಅಂದರು.

ಆದರೆ ಯಡ್ರಾಮಿಯ ಶಿವಶರಣಪ್ಪನವರು ಸುಳ್ಳು ಹೇಳುವ ಜಾತಿಯವರಲ್ಲ. ವ್ಯಾಪಾರದಲ್ಲಿ ಮಾತು ಕೊಟ್ಟರೆ ಮುಗಿಯಿತು ಅನ್ನುವವರು. ಮೊದಲ ದಿನ ಮಾತ್ರ ಸ್ವಲ್ಪ ಅಳುಕಿದರು. ಅವರ ಮನೆ ಶರಣರ ಮಾರ್ಗದ್ದು. ಊಟ ಅಂದರೆ ಪ್ರಸಾದ, ಉಂಡ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯುವ ರೂಢಿ.

“ಪ್ರಸಾದ ಬಿಟ್ಟ ಏಳೂದು ಅಂದ್ರ ಹೆಂಗ್ರಿ ಬಾಯಾರ? ನಮ್ಮಪ್ಪ ಇದ್ರ ಕಪಾಳಕ್ಕ ಕೊಡ್ತಿದ್ದ.”

ಹಿಂದಿನಿಂದ ಮಹಾನಂದಾ ಧೈರ್ಯ ಹೇಳಿದರು. “ನೀವು ಬಿಟ್ಟ ಏಳ್ರಿ. ಚಲ್ಲಾಕ ನಾ ಬಿಡ್ತೇನೇನು?” ಆ ಮಾತು ನನಗೆ ಚೆನ್ನಾಗಿ ಕೇಳಿಸಿತ್ತು. ಗೃಹಿಣಿ ಜಾಣೆ, ಆಕಳಿಗೋ ಕೆಲಸದವರಿಗೋ ಹಾಕುತ್ತಾರೆ ಎಂದುಕೊಂಡು ಸಮಾಧಾನವಾಯಿತು.

ಅವತ್ತಿನಿಂದ ಯಡ್ರಾಮಿಯಿಂದ ದಿನಾ ಊಟಕ್ಕೆರಡು ಫೋಟೋ ಬಂದವು. ಒಂದರಲ್ಲಿ ತುಂಬಿದ ತಾಟು: ರೊಟ್ಟಿ, ಪುಂಡಿ ಪಲ್ಯ, ಅನ್ನ, ತೊಗರಿ ಬೇಳೆ, ಹಬ್ಬವಿದ್ದರೆ ತುಪ್ಪ ಸುರಿದ ಹೋಳಿಗೆ. ಇನ್ನೊಂದರಲ್ಲಿ ನಡುವೆ ಗೆರೆ ಕೊರೆದ ಹಾಗೆ ಅರ್ಧಕ್ಕೆ ನಿಂತ ತಾಟು. ತಿಂಗಳುಗಳು ಕಳೆದವು, ಶಿವಶರಣಪ್ಪನವರ ಹೊಟ್ಟೆ ಇಳಿಯಿತು, ಅಂಗಿ ಸಡಿಲಾಯಿತು, ಪರೀಕ್ಷೆಯಲ್ಲಿ ಸಕ್ಕರೆ ಗಡಿಯಿಂದ ಹಿಂದಕ್ಕೆ ಸರಿಯಿತು. ಮೂರು ತಾಲೂಕಿನಲ್ಲಿ ಇಷ್ಟು ಸ್ವಚ್ಛವಾಗಿ ಇಳಿದವರು ಬೇರೆ ಇರಲಿಲ್ಲ. ವಿನಾಯಕ ಸರ್ ಹಿರಿಹಿರಿ ಹಿಗ್ಗಿದರು. ಹೆಡ್ ಆಫೀಸಿಗೆ ತೋರಿಸಲು ಒಂದು ವಿಡಿಯೋ ಮಾಡೋಣ ಅಂತ ನನ್ನನ್ನೂ ಕರೆದುಕೊಂಡು ಯಡ್ರಾಮಿಗೆ ಹೊರಟರು.

ತೊಗರಿ ರಾಶಿ ಆಗಷ್ಟೇ ಮುಗಿದಿತ್ತು. ಶಿವಶರಣಪ್ಪನವರು ಇಸ್ತ್ರಿ ಅಂಗಿ ಹಾಕಿ, ಹಣೆಗೆ ವಿಭೂತಿ ಧರಿಸಿ ಮದುಮಗನ ಹಾಗೆ ಕಾಯುತ್ತಿದ್ದರು. ಅಷ್ಟು ದಿನ ದನಿ ಮಾತ್ರ ಕೇಳಿದ್ದ ಮಹಾನಂದಾ ಅವರನ್ನು ನಾನು ನೋಡಿದ್ದು ಅಂದೇ. ಸಣ್ಣ ಆಳು, ತಲೆ ತುಂಬ ಸೆರಗು. ಮಾತಾಡಿಸಿದರೆ ನಕ್ಕು ಒಳಗೆ ಹೋದರು. ಅವತ್ತು ವಿಡಿಯೋ ಇದೆ ಅಂತ ಹೋಳಿಗೆ ಮಾಡಿದ್ದರು.

ವಿನಾಯಕ ಸರ್ ಕ್ಯಾಮೆರಾ ಹಿಡಿದರು. ಶಿವಶರಣಪ್ಪನವರು ಕೂತರು, ಮಹಾನಂದಾ ನೀಡಿದರು. ಕ್ಯಾಮೆರಾದಲ್ಲಿ ಆಕೆಯ ಬಳೆ ತೊಟ್ಟ ಕೈ ಮಾತ್ರ ಬಂತು. ಅವರು ಅರ್ಧ ಉಂಡರು, ಕೈ ತೊಳೆದರು, ಕ್ಯಾಮೆರಾ ನೋಡಿ, “ಹೊಟ್ಟಿ ನಮ್ಮದು, ಅರ್ಧ ಬಿಟ್ಟ ಏಳೂದೂ ನಮ್ಮ ಕೈಯಾಗೇ ಅದ,” ಅಂದರು. ನಮಗೂ ತಾಟು ಹಾಕಿ ಉಣಿಸಿದರು. ಎಲ್ಲರೂ ಖುಷಿಯಾಗಿದ್ದೆವು. ನಾನು ಉಂಡ ತಾಟಿಡಲು ಅಡುಗೆ ಮನೆಗೆ ಹೋದೆ.

ಮಹಾನಂದಾ ಒಲೆಯ ಪಕ್ಕ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಮುಂದೆ ಇದ್ದದ್ದು ಗಂಡನ ತಾಟು. ಕ್ಯಾಮೆರಾಕ್ಕೆ ತೋರಿಸಿದ್ದ ಅದೇ ಅರ್ಧ ಹೋಳಿಗೆ, ಅದೇ ಅರ್ಧ ಅನ್ನ.

“ನಿಮ್ಮ ಊಟ ಇದೇ ಏನ್ರಿ?” ಅಂದೆ.

“ನಂದು ರೊಟ್ಟಿ ಪಲ್ಯ ಆತ್ರಿ. ಇದು ಅವ್ರು ಬಿಟ್ಟ ಪ್ರಸಾದ.”

“ದಿನಾ ಹಿಂಗೇನ್ರಿ?”

“ನೀವು ಅರ್ಧ ಬಿಡ್ರಿ ಅಂದಾಗಿಂದ ದಿನಾ ಎರಡೂ ಹೊತ್ತ. ಮೊದಲ ತಾಟ ತೊಳದ ಕುಡೀತಿದ್ರು, ಏನೂ ಉಳೀತಿರಲಿಲ್ಲ.”

“ಆಕಳಕ್ಕ ಹಾಕಬೇಕಿಲ್ಲ?”

“ಆಕಳ ಎಲ್ಲ್ಯದ್ರಿ ಈಗ?”

“ಹಂಗಾರ ಅವರಿಗಿ ಕಮ್ಮಿ ನೀಡಬೇಕು!”

“ಅಯ್ಯ ಬಾಯಾರ, ಗಂಡಗ ಕಮ್ಮಿ ನೀಡಾಕ ನನಗ ಹುಚ್ಚ ಹಿಡದದೇನ್ರಿ? ಮಂದಿ ಏನಂದಾರು, ಮುಪ್ಪಿನಾಗ ಗಂಡನ್ನ ಉಪಾಸ ಕೆಡವ್ಯಾಳ ಅಂದಾರು,” ಅಂತ ನಕ್ಕರು.

ನನಗೆ ನಗು ಬರಲಿಲ್ಲ. ತಾಯಿಗೆ ಸಕ್ಕರೆ ಇದ್ದ ಹೆಣ್ಣುಮಗಳು, ತನ್ನ ಊಟದ ಮೇಲೆ ಗಂಡನ ಅರ್ಧ ಊಟ. ನಾವು ಬಿಡಿಸಿದ್ದೆಲ್ಲ ಈಕೆಯ ಹೊಟ್ಟೆಗೆ ಹೋಗಿತ್ತು. ಆಕೆ ತಾಟು ಹಿಡಿದು ಎದ್ದಾಗ ಒಂದು ಕಾಲು ಎಳೆದು ಹಾಕುವುದು ಕಣ್ಣಿಗೆ ಬಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಬಟ್ಟೆಗೆ ಅರಿಶಿನದ ಕಲೆ.

“ಏನಾಗ್ಯದ್ರಿ ಕಾಲಿಗಿ?”

“ಹೊಲದಾಗ ತೊಗರಿ ಕೂಳಿ ಚುಚ್ಚಿತ್ರಿ, ಕೊಯ್ಯಾಗ. ಅರಿಶಿಣ ಹಚ್ಚೇನಿ. ಮಾಯವಲ್ದು.”

“ನೋಯ್ತದೇನ್ರಿ?”

“ಏನೂ ನೋವಿಲ್ಲರಿ, ಅದೊಂದು ಛಲೋ ಆಗ್ಯದ.”

ಬಟ್ಟೆ ಬಿಚ್ಚಿದೆ. ಅಂಥ ಗಾಯಕ್ಕೆ ನೋವಿರಬೇಕಿತ್ತು. ನೋವಿಲ್ಲ ಅಂದದ್ದೇ ನನ್ನನ್ನು ಹೆದರಿಸಿತು. ನನ್ನ ಚೀಲದಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ಯಾವಾಗಲೂ ಇರುತ್ತಿತ್ತು. ಕೈ ಕೊಡ್ರಿ ಅಂದೆ. ಆಕೆ ಕೈ ಹಿಂದಕ್ಕೆ ಎಳೆದುಕೊಂಡರು. ಮುಖದ ನಗು ಅಳಿಸಿಹೋಯಿತು.

“ಬ್ಯಾಡ್ರಿ ಬಾಯಾರ. ನೋಡಿದ್ರ ಬ್ಯಾನಿ ಆಗ್ತದ. ನೋಡದಿದ್ರ ಬರೇ ಗಾಯ.”

ಅಂದರೆ ಆಕೆಗೆ ಗೊತ್ತಿತ್ತು. ತಾಯಿಯ ಬೆರಳು ಕಪ್ಪಾದದ್ದನ್ನು ದಿನಾ ತೊಳೆದ ಕೈ ಅದು, ಗೊತ್ತಾಗದೆ ಇರುತ್ತದೆಯೇ? ನಾನು ಬಿಡಲಿಲ್ಲ, ಕೈ ಹಿಡಿದು ಚುಚ್ಚಿದೆ. ಊಟವಾದ ಕೂಡಲೇ ನೋಡಿದ್ದು ಎಂದು ಎಷ್ಟು ರಿಯಾಯಿತಿ ಕೊಟ್ಟರೂ ಯಂತ್ರ ತೋರಿಸಿದ್ದು ಗಡಿಯ ಮಾತಾಗಿರಲಿಲ್ಲ. ಗಡಿ ದಾಟಿ ಬಹಳ ದೂರ ಹೋಗಿತ್ತು. ಯಾವಾಗ ದಾಟಿತು, ನಮ್ಮ ಅರ್ಧ ತಾಟಿಗೂ ಮೊದಲೋ ಆಮೇಲೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಾರೂ ಅಳೆದಿರಲಿಲ್ಲ.

“ಭಾಳ ಅದೇನ್ರಿ?” ಅಂದರು.

“ಭಾಳ ಅದ.”

ಕೈಯಲ್ಲಿದ್ದ ತಾಟನ್ನು ಒಲೆಯ ಪಕ್ಕಕ್ಕೆ ಸರಿಸಿಟ್ಟರು. ಆಮೇಲೆ, “ಅವರದು ಇಳದದ ಅಲ್ರಿ?” ಅಂದರು.

“ಇಳದದ.”

“ಹಂಗಾರ ಸಾಕ್ರಿ.”

ನಾನು ಜೋರಾಗಿ ಮಾತಾಡುವವಳಲ್ಲ. ಅವತ್ತು ಕೂಗಿದೆ. “ಏನ್ ಸಾಕ್ರಿ? ಯಾರಿಗಿ ಸಾಕು?” ನನ್ನ ದನಿಗೆ ಗಂಡಸರಿಬ್ಬರೂ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತರು. ನಾನು ತಾಟು ತೋರಿಸಿದೆ, ಯಂತ್ರ ತೋರಿಸಿದೆ, ಕಾಲು ತೋರಿಸಿದೆ. ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಜೀವಮಾನವಿಡೀ ತೂಕ ಮಾಡಿದ ಮನುಷ್ಯ ಶಿವಶರಣಪ್ಪ, ತಟ್ಟನೆ ಲೆಕ್ಕ ಹಿಡಿದರು.

“ತೂಕ ಎಲ್ಲೂ ಕಮ್ಮಿ ಆಗಿಲ್ಲ,” ಅಂದರು. “ಚೀಲ ಬದಲಾಗ್ಯದ ಅಷ್ಟೇ.” ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೆಳಗೆ ಕೂತುಬಿಟ್ಟರು. ಆ ದೊಡ್ಡ ದನಿಯ ಮನುಷ್ಯ ಅಷ್ಟು ಸಣ್ಣಗೆ ಅಳುವುದನ್ನು ನೋಡಿ ನನ್ನ ಸಿಟ್ಟು ಇಳಿಯಿತು. ಮಹಾನಂದಾ ಮಾತ್ರ ಅಳಲಿಲ್ಲ. “ಮಂದಿ ಮುಂದ ಏನ್ರಿ ಇದು, ಏಳ್ರಿ,” ಅಂತ ಗಂಡನನ್ನೇ ಗದರಿದರು.

ವಿನಾಯಕ ಸರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಕ್ಯಾಮೆರಾ ಚೀಲಕ್ಕೆ ಹಾಕಿದವರೇ ಗಾಡಿ ತೆಗೆದರು. ಅದೇ ಸಂಜೆ ಗಂಡ ಹೆಂಡತಿಯನ್ನು ಕಲಬುರಗಿಯ ದವಾಖಾನೆಗೆ ಒಯ್ದು, ದಾಖಲಾಗುವ ತನಕ ಬೆಂಚಿನ ಮೇಲೆ ಕೂತರು. ಡಾಕ್ಟರು ಗಾಯ ನೋಡಿ, ಬೆರಳು ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಅಂದರು. ಮಹಾನಂದಾ ಕೇಳಿದ್ದು ಒಂದೇ, “ಮೊಣಕಾಲ ತನಕ ಹೋಗ್ತದೇನ್ರಿ?” ಡಾಕ್ಟರು ಆಗಲೇ ಪಕ್ಕದ ಹಾಸಿಗೆಯ ಕಡೆ ಹೋಗಿದ್ದರು. ನಾನು, “ಇಲ್ಲರಿ, ಹೋಗಲ್ಲ,” ಅಂದೆ. ಹಾಗನ್ನಲು ನನಗೆ ಯಾವ ಆಧಾರವೂ ಇರಲಿಲ್ಲ.

ಆಳಂದಕ್ಕೆ ವಾಪಸಾಗುವ ದಾರಿಯಲ್ಲಿ ಆಕೆಯ ಹೆಸರು ಈಗಲಾದರೂ ಸೇರಿಸಿ ಎಂದು ವಿನಾಯಕ ಸರ್‌ಗೆ ಹೇಳಿದೆ.

“ಈಗ ಬರಲ್ಲ ಮೇಡಂ. ನಮ್ಮದು ಕಾಯಿಲೆ ಬರೋ ಮುಂಚಿನವರಿಗೆ. ಅವರು ದಾಟಿಬಿಟ್ಟಿದ್ದಾರೆ. ಆ್ಯಪ್ ತಗೊಳ್ಳಲ್ಲ.”

“ದಾಟುವ ಮುಂಚೆಯೂ ತಗೊಳ್ಳಲಿಲ್ಲವಲ್ಲ ಸರ್.”

ವಿಡಿಯೋ ಹೆಡ್ ಆಫೀಸಿಗೆ ಹೋಯಿತು, ಅದನ್ನು ತಡೆಯುವುದು ವಿನಾಯಕ ಸರ್ ಕೈಯಲ್ಲಿರಲಿಲ್ಲ. ಸಭೆಯಲ್ಲಿ ಚಪ್ಪಾಳೆ ಬಿತ್ತಂತೆ. ಆದರೆ ಮುಂದೆ ಮನೆಯೊಂದಕ್ಕೆ ಹೊಸದಾಗಿ ಹೋದಾಗ ಒಲೆ ಮುಂದಿರುವವರ ಬೆರಳನ್ನೂ ಚುಚ್ಚಿ ನೋಡದೆ ಯಾರ ಹೆಸರನ್ನೂ ಹಚ್ಚಬಾರದು ಎಂದು ನಮ್ಮ ಮೂರು ತಾಲೂಕಿಗೆ ಅವರೇ ನಿಯಮ ಮಾಡಿದರು. ಹಳೆಯ ಮನೆಗಳಲ್ಲೂ ಹಾಗೆ ನೋಡತೊಡಗಿದ ಮೇಲೆ ಗಂಡನ ಅರ್ಧ ತಾಟು ಉಣ್ಣುತ್ತಿದ್ದ ಹೆಂಡಂದಿರು ನಿಂಬರ್ಗಾದಲ್ಲೂ ಸಿಕ್ಕರು, ಅಫಜಲಪುರದಲ್ಲೂ ಸಿಕ್ಕರು. ಆ ಬೆಕ್ಕಿನ ಮಾಸ್ತರ ಮನೆಯಲ್ಲಿ ಮಾತ್ರ ಸಿಗಲಿಲ್ಲ. ಅವರು ಒಂದು ದಿನವೂ ಅರ್ಧ ಬಿಟ್ಟಿರಲೇ ಇಲ್ಲ.

ಯಡ್ರಾಮಿಯ ಮನೆಗೆ ನಾನು ವಾರವಾರ ಫೋನ್ ಮಾಡುವುದನ್ನು ಬಿಡಲಿಲ್ಲ. ಶಿವಶರಣಪ್ಪನವರೇ ದಾರಿ ಹೇಳಿದ್ದರು. “ನಂಬರ ನಂದೇ ಇರ್ಲಿ, ಹೆಸರೂ ನಂದೇ ಇರ್ಲಿ, ವಿಚಾರ ಮಾತ್ರ ಆಕೀದು ಮಾಡ್ರಿ.” ಪರದೆಯ ಮೇಲೆ ಅವರ ಹೆಸರು, ಮಾತು ಆಕೆಯ ಕಾಲಿನದು. ಮೊದಲ ತಿಂಗಳುಗಳಲ್ಲಿ ಉತ್ತರವನ್ನೂ ಅವರೇ ಕೊಡುತ್ತಿದ್ದರು. ಪಟ್ಟಿ ಬದಲಿಸಿದ್ದು, ಗುಳಿಗೆ ನುಂಗಿದ್ದು, ಗಾಯದ ಬಣ್ಣ. ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ಊಟದ ಜೊತೆ ನುಂಗಬೇಕು ಎಂದಿದ್ದರು ಡಾಕ್ಟರು. ಗಂಡ ಉಣ್ಣದೆ ಆಕೆ ತುತ್ತು ಎತ್ತುವವರಲ್ಲ. ಹಾಗಾಗಿ ಕಟ್ಟೆಯ ಹರಟೆ ಬಿಟ್ಟು ಹೊತ್ತಿಗೆ ಮನೆ ಸೇರುವುದನ್ನು ಶಿವಶರಣಪ್ಪನವರು ಕಲಿತರು. ಇಬ್ಬರೂ ಒಟ್ಟಿಗೆ ಕೂತು ಉಣ್ಣುವುದು ಅಷ್ಟು ಸುಲಭಕ್ಕೆ ಆಗಲಿಲ್ಲ. “ಎದುರಾ ಬದರಾ ಕೂತ್ರ ಆಕೀಗಿ ತುತ್ತ ಇಳೀವಲ್ದು, ಗ್ವಾಡಿ ಕಡಿ ಮಾರಿ ಮಾಡಿ ಕುಂದ್ರತಾಳ,” ಅಂತ ಒಮ್ಮೆ ದೂರು ಹೇಳಿದರು. ಕುಂದರಲಿ ಬಿಡ್ರಿ, ಉಂಡರೆ ಸಾಕು ಅಂದೆ.

ಬೆರಳು ಉಳಿಯಿತು. ತುದಿ ಸ್ವಲ್ಪ ಸೊಟ್ಟಗಾಯಿತು, ಆದರೆ ಉಳಿಯಿತು. ಸಕ್ಕರೆ ಹೋಗಲಿಲ್ಲ, ಅದು ಹೋಗುವಂಥದ್ದಲ್ಲ. ಗುಳಿಗೆ ಈಗಲೂ ನಡೆದಿದೆ. ಪಟ್ಟಿ ಬಿಚ್ಚಿದ ವಾರ ನಾನು ಫೋನ್ ಮಾಡಿದಾಗ ಈ ಸಲ ಮಹಾನಂದಾ ಅವರಿಗೇ ಕೊಡ್ರಿ ಅಂದೆ. ಬಹಳ ಹೊತ್ತು ಒಳಗೆ ಏನೋ ಗುಸುಗುಸು ನಡೆಯಿತು. ಕೊನೆಗೆ ಮಹಾನಂದಾ ಫೋನ್ ಹಿಡಿದರು. ಕಾಲು ಹೇಗಿದೆ ಅಂದೆ, ಚಪ್ಪಲಿ ಹಾಕೇನಿ ಅಂದರು. ಆಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಆಕೆಗೂ ಕೇಳಿದೆ.

“ನಿನ್ನಿ ಏನೇನ್ ಉಂಡ್ರಿ, ಹೇಳ್ರಿ.”

ಫೋನ್ ಕಟ್ಟಾಯಿತೇನೋ ಅಂದುಕೊಂಡು ಹಲೋ ಅಂದೆ.

“ಅದೇನ್ರಿ,” ಅಂದರು. “ಅವ್ರು ಉಂಡದ್ದು ಹೇಳು ಅಂದ್ರ ಹೋದ ಹುಣ್ಣಿಮೀದೂ ಹೇಳೇನು. ನಾ ಏನ್ ಉಂಡೆ ಅಂತ ಇಲ್ಲೀತನಕ ಯಾರೂ ಕೇಳಿಲ್ಲ ನೋಡ್ರಿ. ತಡೀರಿ, ನೆನಪ ಮಾಡ್ಕೋತೇನಿ.”

ತಡೆದೆ. ಹಿಂದಿನಿಂದ ಶಿವಶರಣಪ್ಪನವರ ದನಿ ಶುರುವಾಯಿತು. “ರೊಟ್ಟಿ, ಹೆಸರಬ್ಯಾಳಿ, ಮೆಂತಿ ಪಲ್ಯ...”

“ನೀವು ಜರಾ ಸುಮ್ಕ ಕುಂದರ್ರಿ,” ಅಂದರು ಮಹಾನಂದಾ. “ಬಾಯಾರು ನನಗ ಕೇಳ್ಯಾರ.”